ಬೆಳಿಗ್ಗೆ ಉತ್ತರದ ಗಾಳಿ, ಮಧ್ಯಾಹ್ನ ಸಮುದ್ರದ ಗಾಳಿ: ಗೊತ್ತಿಲ್ಲದ ಎರಡು ಗುಡ್ಡಗಳಲ್ಲಿ ಒಂದು ಶನಿವಾರ

ಇಂಗ್ಲೆಂಡಲ್ಲಿ ಪ್ಯಾರಾಗ್ಲೈಡಿಂಗ್ ಮಾಡೋರಿಗೆ ಶನಿವಾರ ಶುರುವಾಗೋದು ಗುರುವಾರ ರಾತ್ರಿನೇ. ಹವಾಮಾನ ಹೇಳೋ ಸೈಟುಗಳನ್ನೆಲ್ಲ ನೋಡು, ಎಕ್ಸ್‌ಸಿ ವೆದರ್ ತೆಗಿ, ಮೆಟ್ ಆಫೀಸ್ ತೆಗಿ, ರಾಸ್ಪ್ ತೆಗಿ, ಮೂರೂ ಮೂರು ತರ ಹೇಳಿದ್ರೆ ನಮಗೆ ಹಿತವಾಗಿರೋದನ್ನ ನಂಬು, ಇದೇ ಕೆಲಸ. ಯಾಕಂದ್ರೆ ಇಲ್ಲಿ ಒಂದೊಂದು ಗುಡ್ಡಕ್ಕೂ ಒಂದೊಂದು ದಿಕ್ಕು. ಗಾಳಿ ಗುಡ್ಡದ ಮುಖಕ್ಕೆ ನೇರ ಬಂದು ಬಡೀಬೇಕು, ಆಗ ಅದು ಹೊಳೆ ನೀರು ಬಂಡೆ ಹತ್ತಿ ಹರಿಯೋ ಹಾಗೆ ಮೇಲಕ್ಕೆ ಎದ್ದು ಹೋಗುತ್ತೆ, ಆ ಮೇಲೇಳೋ ಗಾಳಿ ಪಟ್ಟೀಲಿ ಅತ್ತಿಂದಿತ್ತ ಓಡಾಡ್ಕೊಂಡು ನಾವು ತೇಲೋದು. ಅದೇ ಗಾಳಿ ಗುಡ್ಡದ ಬೆನ್ನಿಂದ ಬಂತು ಅನ್ನಿ, ಮುಖದ ಕಡೆ ಸುಳಿ ಬೀಳುತ್ತೆ, ಅದಕ್ಕೆ ರೋಟರ್ ಅಂತಾರೆ, ಅದ್ರೊಳಗೆ ಹೋಗೋದು ಬೇಡವೇ ಬೇಡ.

ನಾನೂ ನನ್ನ ಗೆಳೆಯನೂ ಇರೋದು ರೆಡಿಂಗಲ್ಲಿ. ಅವನು ದಾವಣಗೆರೆಯವ, ನಾನು ತುಮಕೂರು ಕಡೆ. ಇಬ್ರೂ ಇಲ್ಲೇ ಕಲ್ತಿದ್ದು, ಇಬ್ರದ್ದೂ ಬಿಎಚ್‌ಪಿಎ ಅನ್ನೋ ಬ್ರಿಟನ್ನಿನ ಪ್ಯಾರಾಗ್ಲೈಡಿಂಗ್ ಸಂಘದ ಕ್ಲಬ್ ಪೈಲಟ್ ರೇಟಿಂಗ್, ಅಂದ್ರೆ ಇನ್ಸ್ಟ್ರಕ್ಟರ್ ಇಲ್ದೆ ಸ್ವಂತ ಹಾರಬಹುದು ಅನ್ನೋ ಮೊದಲ ಹಂತ. ಊರಲ್ಲಿ ಪ್ಯಾರಾಗ್ಲೈಡಿಂಗ್ ಅಂದ ತಕ್ಷಣ ಎಲ್ರೂ ಕೇಳೋದು ಹಿಮಾಚಲದ ಬೀರ್ ಬಿಲ್ಲಿಂಗ್‌ಗೆ ಹೋಗಿದ್ರಾ, ಹಿಂದೆ ಪೈಲಟ್ ಇರ್ತಾನಲ್ಲ ಅಂತ. ಇಲ್ಲ ಸ್ವಾಮಿ, ಒಬ್ಬೊಬ್ರೇ ಹಾರೋದು. ನಮ್ಮಮ್ಮ ಇವತ್ತಿಗೂ ವಿಮಾನದಿಂದ ಜಿಗೀತಾನೆ ಅಂತಾನೇ ಅಂದ್ಕೊಂಡಿದ್ದಾರೆ, ನಿಂತ ನೆಲದಿಂದಲೇ ಬಟ್ಟೆಯ ರೆಕ್ಕೆ ಎತ್ತಿ ನಡ್ಕೊಂಡು ಹೋಗಿ ಹಾರೋದು ಅಂತ ಎಷ್ಟು ಹೇಳಿದ್ರೂ "ಅದೇ ಕಣೋ ಪ್ಯಾರಾಚೂಟು" ಅಂತಾರೆ, ನಾನೂ ಬಿಟ್ಟಿದ್ದೀನಿ.

ನಾವು ಯಾವಾಗ್ಲೂ ಹೋಗೋದು ವಿಲ್ಟ್‌ಶೈರ್‌ನ ಮಿಲ್ಕ್ ಹಿಲ್ ಕಡೆಗೆ. ಅದು ದಕ್ಷಿಣಕ್ಕೆ ಮುಖ ಮಾಡಿರೋ ಗುಡ್ಡ, ಅಲ್ಲಿನ ಬೇಲಿ, ಗೇಟು, ಕುರಿ, ಎಲ್ಲಾ ಪರಿಚಯ. ಆ ವಾರ ಇಂಗ್ಲೆಂಡ್ ಮೇಲೆ ಗಾಳಿಯ ಹೈ ಪ್ರೆಶರ್ ಕೂತಿತ್ತು, ಮೇ ತಿಂಗಳ ಒಳ್ಳೆ ಬಿಸಿಲು, ಆದ್ರೆ ಗಾಳಿ ಮಾತ್ರ ಉತ್ತರದಿಂದ, ಗಂಟೆಗೆ 8ರಿಂದ 10 ಮೈಲಿ. ಮಿಲ್ಕ್ ಹಿಲ್ ಆಗಲ್ಲ. ಗೆಳೆಯ ಫೋನ್ ಮಾಡಿ "ಲೇ, ಬ್ರೈಟನ್ ಹತ್ರ ಡೆವಿಲ್ಸ್ ಡೈಕ್ ಅಂತ ಐತಂತೆ, ಉತ್ತರದ ಗಾಳಿಗೆ ಅದಕ್ಕಿಂತ ಬೇಕಾ, ಹೋಗಾನ ನಡಿ" ಅಂದ. ನನಗೆ ಹೊಸ ಗುಡ್ಡ ಅಂದ್ರೆ ಸ್ವಲ್ಪ ಅಳುಕು. ಅವನಿಗೆ ಹೊಸ ಗುಡ್ಡ ಅಂದ್ರೆ ಹಬ್ಬ. ಈ ವ್ಯತ್ಯಾಸ ಇರೋದ್ರಿಂದಲೇ ನಾವಿಬ್ರೂ ಜೊತೆ ಹಾರೋಕೆ ಸರಿ ಹೋಗ್ತೀವಿ ಅನ್ಸುತ್ತೆ, ಇಬ್ರೂ ಅವನ ತರ ಇದ್ದಿದ್ರೆ ಯಾವತ್ತೋ ಯಾವ್ದೋ ಮರದಲ್ಲಿ ನೇತಾಡ್ತಿದ್ವಿ, ಇಬ್ರೂ ನನ್ನ ತರ ಇದ್ದಿದ್ರೆ ಮನೇಲೇ ಕೂತು ಫೋರ್ಕಾಸ್ಟ್ ನೋಡ್ತಿದ್ವಿ.

ಇಲ್ಲಿ ಗುಡ್ಡ ಕಂಡಲ್ಲಿ ಹತ್ತಿ ಹಾರೋ ಹಾಗಿಲ್ಲ. ಜಾಗ ರೈತರದ್ದೋ ನ್ಯಾಷನಲ್ ಟ್ರಸ್ಟ್‌ದೋ ಇರುತ್ತೆ, ಅವ್ರ ಹತ್ರ ಮಾತಾಡಿ ಒಪ್ಪಿಗೆ ಇಟ್ಕೊಂಡಿರೋದು ಆಯಾ ಕಡೆಯ ಕ್ಲಬ್ಬು. ಈ ಕಡೆದು ಸದರ್ನ್ ಹ್ಯಾಂಗ್ ಗ್ಲೈಡಿಂಗ್ ಕ್ಲಬ್. ಮೊದ್ಲೇ ಮೆಂಬರ್ ಆಗಿ, ಸೈಟ್ ಗೈಡ್ ಓದ್ಕೊಂಡ್ವಿ. ಎಲ್ಲಿ ಟೇಕಾಫ್, ಎಲ್ಲಿ ಇಳೀಬಹುದು, ಯಾವ ಹೊಲಕ್ಕೆ ಇಳಿದ್ರೆ ರೈತನ ಕೈಲಿ ಬೈಸ್ಕೋಬೇಕು, ಎಲ್ಲಾ ಇರುತ್ತೆ ಅದ್ರಲ್ಲಿ. ಉತ್ತರಕ್ಕೆ ಗ್ಯಾಟ್ವಿಕ್ ಏರ್‌ಪೋರ್ಟಿನ ಏರ್‌ಸ್ಪೇಸ್, ಪಶ್ಚಿಮಕ್ಕೆ ಶೋರಮ್‌ನ ಚಿಕ್ಕ ವಿಮಾನಗಳು, ಹಾಗಾಗಿ ಏರ್‌ಸ್ಪೇಸ್ ಮ್ಯಾಪ್ ಕೂಡ ವೇರಿಯೋಗೆ, ಅಂದ್ರೆ ಏರ್ತಿದ್ದೀವಾ ಇಳೀತಿದ್ದೀವಾ ಅಂತ ಸದ್ದು ಮಾಡಿ ಹೇಳೋ ಯಂತ್ರಕ್ಕೆ, ಹಾಕ್ಕೊಂಡೆ. ಗೆಳೆಯ ಗೈಡ್ ಓದಿದೀನಿ ಅಂದ, ಕಾರಲ್ಲಿ ಕೇಳಿದ್ರೆ ಅವನು ಓದಿದ್ದು ಮೇಲಿರೋ ಪಬ್ಬಿನ ಮೆನು.

ಬೆಳಿಗ್ಗೆ ಆರೂವರೆಗೆ ಹೊರಟ್ವಿ, ಎಂ25, ಎಂ23, ಆಮೇಲೆ ಎ23. ಅವನ ಹೆಂಡ್ತಿ ಡಬ್ಬಿಗೆ ಚಿತ್ರಾನ್ನ ಹಾಕಿ ಕಳಿಸಿದ್ರು, ಕಾರ್ ಪಾರ್ಕಿಗೆ ಹೋಗೋವಷ್ಟರಲ್ಲೇ ಅರ್ಧ ಖಾಲಿ.

ಡೆವಿಲ್ಸ್ ಡೈಕ್ ಅಂದ್ರೆ ನಿಜಕ್ಕೆ ಗುಡ್ಡದ ಹೆಸರಲ್ಲ, ಪಕ್ಕದಲ್ಲಿರೋ ಕಣಿವೆದು. ಸುಣ್ಣಕಲ್ಲಿನ ನೆಲ, ಹಿಮಯುಗದಲ್ಲಿ ಕೊರೆದು ಹೋಗಿರೋ ಒಣ ಕಣಿವೆ, 100 ಮೀಟರ್ ಆಳ ಇದೆ, ನೀರಿಲ್ಲ. ಕಥೆ ಏನಂದ್ರೆ ಸೈತಾನ ಇಲ್ಲಿನ ಚರ್ಚುಗಳನ್ನೆಲ್ಲ ಮುಳುಗಿಸಬೇಕು ಅಂತ ಸಮುದ್ರದವರೆಗೆ ರಾತ್ರೋರಾತ್ರಿ ಕಾಲುವೆ ತೋಡ್ತಿದ್ನಂತೆ, ಒಬ್ಬ ಅಜ್ಜಿ ಮೇಣದಬತ್ತಿ ಹಚ್ಚಿದ್ಳು, ಕೋಳಿ ಕೂಗ್ತು, ಬೆಳಗಾಯ್ತು ಅಂತ ಅರ್ಧಕ್ಕೇ ಬಿಟ್ಟು ಓಡಿದ. ನಮ್ಮ ಕಡೆ ಕೂಡ ಅರ್ಧಕ್ಕೆ ನಿಂತ ದೇವಸ್ಥಾನ, ಕೆರೆ ಏರಿ ಎಲ್ಲದ್ರ ಹಿಂದೆ ಒಂದು ಕೋಳಿ ಇದ್ದೇ ಇರುತ್ತೆ. 1887ರಿಂದ 1938ರವರೆಗೆ ಬ್ರೈಟನ್ ಕಡೆಯಿಂದ ಇಲ್ಲಿಗೆ ರೈಲೇ ಇತ್ತಂತೆ, 1894ರಲ್ಲಿ ಕಣಿವೆ ಮೇಲೆ ಕೇಬಲ್ ಕಾರ್ ಕೂಡ ಹಾಕಿದ್ರು, ಅಂದ್ರೆ ಜನ ಇಲ್ಲಿ ಗಾಳೀಲಿ ತೇಲೋಕೆ ಶುರು ಮಾಡಿದ್ದು ನಮಗಿಂತ ತುಂಬಾ ಮೊದಲೇ.

ಗುಡ್ಡದ ಅಂಚಿಗೆ ಹೋಗಿ ನಿಂತ್ರೆ ಕೆಳಗೆ ಫುಲ್ಕಿಂಗ್, ಪಾಯ್ನಿಂಗ್ಸ್ ಅನ್ನೋ ಪುಟ್ಟ ಊರುಗಳು, ಅದ್ರಾಚೆ ಕಣ್ಣಿಗೆ ನಿಲುಕೋವರೆಗೂ ಹಸಿರು ಬಯಲು. ಬೆನ್ನ ಹಿಂದೆ ಬ್ರೈಟನ್ನು, ಅದ್ರಾಚೆ ಸಮುದ್ರ. ಆಗ್ಲೇ ಏಳೆಂಟು ರೆಕ್ಕೆ ಗಾಳೀಲಿತ್ತು, ತ್ರಿಕೋನ ರೆಕ್ಕೆ ಕೆಳಗೆ ನೇತಾಡ್ಕೊಂಡು ಹಾರೋ ಹ್ಯಾಂಗ್ ಗ್ಲೈಡರ್ ಕೂಡ ಎರಡು. ಗೆಳೆಯ ಬ್ಯಾಗ್ ಇಳಿಸಿ ಜಿಪ್ ತೆಗ್ದೇ ಬಿಟ್ಟ. ನಾನು "ತಡಿ ಮಾರಾಯ, ಮೊದ್ಲು ಒಂದರ್ಧ ಗಂಟೆ ನೋಡೋಣ" ಅಂದೆ. ಹೊಸ ಜಾಗದಲ್ಲಿ ನನ್ನ ಪದ್ಧತಿ ಇದು, ಇದಕ್ಕೆ ನಾನು ರಾಜಿ ಆಗಲ್ಲ. ಯಾರು ಎಲ್ಲಿ ತಿರುಗ್ತಾರೆ, ಯಾವ ಮೂಲೇಲಿ ಎಲ್ರೂ ಎತ್ತರ ಕಳ್ಕೊಳ್ತಾರೆ, ಮೇಲೆ ಇಳಿಯೋರು ಯಾವ ಕಡೆಯಿಂದ ಬರ್ತಾರೆ, ಇದನ್ನ ನೋಡಿದ್ರೆ ಸೈಟ್ ಗೈಡಲ್ಲಿ ಇಲ್ದಿದ್ದೂ ಗೊತ್ತಾಗುತ್ತೆ. ಇಲ್ಲಿ ಕಂಡಿದ್ದು ಏನಂದ್ರೆ, ಬಲಗಡೆ ಗುಡ್ಡ ಸ್ವಲ್ಪ ಒಳಕ್ಕೆ ಬಾಗೋ ಕಡೆ ಎಲ್ರೂ ಎತ್ತರಕ್ಕೆ ಹೋಗ್ತಿದ್ರು, ಆದ್ರೆ ಡೈಕ್ ಕಣಿವೆ ಬಾಯಿ ಹತ್ರ ಒಬ್ರೂ ಸುಳೀತಿರ್ಲಿಲ್ಲ. ಅಲ್ಲೇ ಕೂತಿದ್ದ ವಯಸ್ಸಾದ ಹ್ಯಾಂಗ್ ಗ್ಲೈಡರ್ ಪೈಲಟ್ ಒಬ್ರನ್ನ ಕೇಳಿದ್ರೆ, ಆ ಮೂಲೇಲಿ ಗಾಳಿ ಕಣಿವೆಯೊಳಗೆ ನುಗ್ಗಿ ಅಡ್ಡಾದಿಡ್ಡಿ ತಿರುಗುತ್ತೆ, ಅಲ್ಲಿಗೆ ಹೋಗ್ಬೇಡಿ ಅಂದ್ರು. ಹೊಸಬ್ರು ಅಂತ ಗೊತ್ತಾದ್ಮೇಲೆ ಇನ್ನೂ ತುಂಬಾ ಹೇಳಿದ್ರು, ಕೇಳದೆ ಇದ್ದಿದ್ದನ್ನೂ.

ಗಾಳಿ ಗಂಟೆಗೆ 11-12 ಮೈಲಿ ಇತ್ತು, ನಮ್ಮಂಥೋರಿಗೆ ಹೇಳಿ ಮಾಡಿಸಿದ್ದು. ನಮ್ಮ ರೆಕ್ಕೆ ಗಾಳೀಲಿ ಹೋಗೋ ಸ್ಪೀಡೇ ಹೆಚ್ಚುಕಮ್ಮಿ 22-23 ಮೈಲಿ, ಎದುರು ಗಾಳಿನೂ ಅಷ್ಟೇ ಆಯ್ತು ಅಂದ್ರೆ ಮೇಲೆ ನಿಂತಲ್ಲೇ ನಿಂತಿರ್ತೀವಿ, ಅದಕ್ಕೂ ಜಾಸ್ತಿ ಆದ್ರೆ ಹಿಂದಕ್ಕೆ, ಗುಡ್ಡದ ಬೆನ್ನಿಗೆ, ರೋಟರ್ ಒಳಕ್ಕೆ. ಅದಕ್ಕೇ ಈ ಒಂದೆರಡು ಮೈಲಿ ಲೆಕ್ಕಕ್ಕೆ ಅಷ್ಟು ಜೀವ ಬಿಡೋದು.

ರೆಕ್ಕೆ ಹರಡಿ, ಲೈನ್ ಬಿಡಿಸಿ, ಗಾಳಿ, ರೆಕ್ಕೆ, ಹೆಲ್ಮೆಟ್, ಹಾರ್ನೆಸ್, ಕಂಟ್ರೋಲ್, ಯಾವ ಕಡೆ ತಿರುಗೋದು, ಆಕಾಶ ಖಾಲಿ ಇದ್ಯಾ, ಅಂತ ಒಂದೊಂದೇ ಚೆಕ್ ಮಾಡಿ, ರೆಕ್ಕೆ ಕಡೆ ಮುಖ ಮಾಡಿ ನಿಂತು ಎ ರೈಸರ್, ಅಂದ್ರೆ ರೆಕ್ಕೆಯ ಮುಂದಿನ ಅಂಚಿಗೆ ಹೋಗೋ ಪಟ್ಟಿ, ಎಳೆದೆ. ಅದು ಎದ್ದು ತಲೆ ಮೇಲೆ ಬಂದು ನಿಂತ ಮೇಲೆ ತಿರುಗಿ ಎರಡು ಹೆಜ್ಜೆ, ಮೂರನೇ ಹೆಜ್ಜೆಗೆ ನೆಲ ಇರ್ಲಿಲ್ಲ. ಈ ಹೊತ್ತಿನ ಬಗ್ಗೆ ಜನ ಏನೇನೋ ಬರೀತಾರೆ, ನನಗೆ ನಿಜ ಹೇಳ್ಬೇಕಂದ್ರೆ ಆಗ ತಲೇಲಿ ಇದ್ದಿದ್ದು ಒಂದೇ, ಎಡಗಡೆಯಿಂದ ಬರ್ತಿರೋ ನೀಲಿ ರೆಕ್ಕೆಯವನು ನನ್ನ ನೋಡಿದ್ದಾನಾ ಇಲ್ವಾ. ಗುಡ್ಡದ ಮುಂದೆ ಹಾರುವಾಗ ರೂಲ್ ಏನಂದ್ರೆ, ಎದುರುಬದುರು ಬಂದಾಗ ಗುಡ್ಡ ನಿನ್ನ ಬಲಗಡೆ ಇದ್ರೆ ದಾರಿ ನಿಂದು, ಎಡಗಡೆ ಇದ್ರೆ ನೀನು ಹೊರಗೆ ಜರುಗಬೇಕು, ಯಾಕಂದ್ರೆ ಇನ್ನೊಬ್ಬನಿಗೆ ಜರುಗೋಕೆ ಜಾಗನೇ ಇಲ್ಲ, ಪಕ್ಕದಲ್ಲಿ ಗುಡ್ಡ. ತಿರುಗೋದು ಯಾವಾಗ್ಲೂ ಗುಡ್ಡದಿಂದ ಆಚೆಗೆ. ಹತ್ತು ಜನ ಇರೋ ಕಡೆ ಇದನ್ನ ಪ್ರತಿ ನಿಮಿಷ ಲೆಕ್ಕ ಹಾಕ್ತಾನೇ ಇರ್ಬೇಕು. ಹಾರಾಟದ ಗಂಟೆ ಕಮ್ಮಿ ಇರೋರು ಹಾರ್ನೆಸ್‌ಗೆ ಕೆಂಪು ರಿಬ್ಬನ್ ಕಟ್ಕೊಳ್ತಾರೆ, ಉಳಿದೋರು ಸ್ವಲ್ಪ ದೂರ ಕೊಡಲಿ ಅಂತ. ಗೆಳೆಯನಿಗೆ ಅದನ್ನ ಬಿಚ್ಚೋ ಅಷ್ಟು ಗಂಟೆ ಆಗಿದೆ, ಆದ್ರೂ ಬಿಚ್ಚಿಲ್ಲ, "ಇರ್ಲಿ ಬಿಡು, ಎಲ್ರೂ ದಾರಿ ಬಿಡ್ತಾರೆ" ಅಂತಾನೆ. ನೋಡಿದ್ರೆ ನಿಜಕ್ಕೂ ಬಿಡ್ತಿದ್ರು.

ಗುಡ್ಡದಿಂದ ಒಂದು 200 ಅಡಿ ಮೇಲೆ, ಬಾಗಿದ ಜಾಗಕ್ಕೆ ಬಂದಾಗಲೆಲ್ಲ ವೇರಿಯೋ ಕೀಂ ಕೀಂ ಅನ್ನೋದು, ದಾಟಿದ ಮೇಲೆ ಸುಮ್ಮನಾಗೋದು. ಒಂದು ಕೆಸ್ಟ್ರೆಲ್ ಹಕ್ಕಿ ನಮಗಿಂತ ಕೆಳಗೆ ರೆಕ್ಕೆ ಬಡ್ಕೊಂಡು ಒಂದೇ ಕಡೆ ನಿಂತು ಹುಲ್ಲಲ್ಲಿ ಇಲಿ ಹುಡುಕ್ತಿತ್ತು. ಮೇಲೆ ಇಳಿಯೋಕೆ ಜಾಗ ವಿಶಾಲವಾಗಿದೆ, ಅಂಚಿಗಿಂತ ಸ್ವಲ್ಪ ಹಿಂದೆ ಬಂದು, ಓರೆಯಾಗಿ ಜಾರ್ಕೊಂಡು ಎತ್ತರ ಕಳೆದು, ಕೊನೆಗೆ ಗಾಳಿಗೆ ಎದುರಾಗಿ ಬ್ರೇಕ್ ಎಳೆದ್ರೆ ಆಯ್ತು. ಇಳಿದ್ಮೇಲೆ ಉಳಿದಿದ್ದ ಚಿತ್ರಾನ್ನ ತಿಂದ್ವಿ, ಗೆಳೆಯ ಪಬ್ಬಿಂದ ಚಿಪ್ಸ್ ತಂದ, ಮತ್ತೆ ಹಾರಿದ್ವಿ.

ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಏನೋ ಬದಲಾಯ್ತು. ಮೇಲಿದ್ದೋರು ಒಬ್ಬೊಬ್ರೇ ಕೆಳಗಿಳೀತಾ ಬಂದ್ರು, ಗಾಳಿ ಬರ್ತಿತ್ತು, ನಿಲ್ತಿತ್ತು, ಮತ್ತೆ ಬರ್ತಿತ್ತು. ನಾನು ಇಳಿದು ನೋಡ್ತೀನಿ, ಲೋಕಲ್ ಪೈಲಟ್‌ಗಳೆಲ್ಲ ಗುಡ್ಡಕ್ಕೆ ಬೆನ್ನು ಹಾಕಿ ಸಮುದ್ರದ ಕಡೆ ನೋಡ್ತಾ ನಿಂತಿದ್ದಾರೆ. ಬೆಳಿಗ್ಗೆ ಮಾತಾಡಿಸಿದ್ದ ಆ ಹಿರಿಯರು ಬೈನಾಕ್ಯುಲರ್ ಕೊಟ್ಟು, ಗಾಳಿಯಂತ್ರ ನೋಡು ಅಂದ್ರು. ಬ್ರೈಟನ್ ಕರಾವಳಿಯಿಂದ 13 ಕಿಲೋಮೀಟರ್ ಆಚೆ ಸಮುದ್ರದಲ್ಲಿ ರಾಂಪಿಯನ್ ಅನ್ನೋ ವಿಂಡ್ ಫಾರ್ಮ್ ಇದೆ, 116 ಯಂತ್ರ. ಬೆಳಿಗ್ಗೆ ಅವೆಲ್ಲ ನಮ್ಮ ಕಡೆ ಮುಖ ಮಾಡಿದ್ವಂತೆ. ಈಗ ನೋಡಿದ್ರೆ ನಮಗೆ ಬೆನ್ನು ತೋರಿಸಿ ದಕ್ಷಿಣಕ್ಕೆ ತಿರುಗಿದ್ವು. ಅಂದ್ರೆ ಅಲ್ಲಿ ಆಗ್ಲೇ ಗಾಳಿ ಸಮುದ್ರದಿಂದ ನೆಲಕ್ಕೆ ಬೀಸ್ತಿದೆ, ಇನ್ನರ್ಧ ಗಂಟೇಲಿ ಇಲ್ಲಿಗೆ ಬರುತ್ತೆ.

ಮಂಗಳೂರು, ಕಾರವಾರದೋರಿಗೆ ಇದು ಹೊಸದಲ್ಲ, ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಮೇಲೇಳುತ್ತೆ, ಖಾಲಿಯಾದ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತೆ. ಮೇ ತಿಂಗಳಲ್ಲಿ ಇಲ್ಲಿ ನೆಲ ಬಿಸಿ, ಸಮುದ್ರ ಇನ್ನೂ ತಣ್ಣಗೆ, ಹಾಗಾಗಿ ಉತ್ತರದ ಗಾಳಿ ಮೆಲ್ಲಗಿದ್ರೆ ಅದನ್ನ ತಳ್ಕೊಂಡು ಒಳಗೆ ಬಂದು ಬಿಡುತ್ತೆ. ಎರಡೂ ಗಾಳಿ ಡಿಕ್ಕಿ ಹೊಡೆಯೋ ಗೆರೆ ಮೇಲೆ ಗಾಳಿ ಜೋರಾಗಿ ಮೇಲಕ್ಕೆ ಹೋಗುತ್ತೆ, ಮೋಡ ಹರಿದ ಪರದೆ ತರ ನೇತಾಡೋದು ನಮಗೂ ಕಾಣ್ತಿತ್ತು. ಅನುಭವ ಇರೋ ಇಬ್ರು ಮೂರು ಜನ ಇದಕ್ಕೇ ಕಾಯ್ತಿದ್ರು, ಆ ಮೋಡದ ಕೆಳಗೆ ಸುತ್ತು ಹೊಡೀತಾ ಹೊಡೀತಾ ಚುಕ್ಕಿಯಾಗಿ ಪೂರ್ವಕ್ಕೆ ಹೋದ್ರು. ಗೆಳೆಯನ ಕಾಲು ಕುಣೀತಿತ್ತು. "ಒಂದ್ ರೌಂಡು, ಬರೇ ಒಂದ್ ರೌಂಡು" ಅಂದ. ಆ ಹಿರಿಯರೇ ಅವನನ್ನ ತಡೆದ್ರು, ಗೆರೆ ದಾಟಿ ಹೋಯ್ತು ಅಂದ್ರೆ ಗಾಳಿ ಗುಡ್ಡದ ಬೆನ್ನಿಂದ ಬರುತ್ತೆ, ಆಗ ಈ ಮುಖದ ಮುಂದೆ ಹಾರ್ತಿದ್ರೆ ನೀನು ರೋಟರ್ ಒಳಗೆ, ಅಂತ. ಇಪ್ಪತ್ತು ನಿಮಿಷಕ್ಕೆ ಹಾಗೇ ಆಯ್ತು. ಕುತ್ತಿಗೆ ಹಿಂದೆ ತಣ್ಣಗೆ ತಗುಲ್ತು, ಗಾಳಿ ದಿಕ್ಕು ತೋರಿಸೋ ಬಟ್ಟೆ ಚೀಲ, ವಿಂಡ್‌ಸಾಕ್, ಒಂದ್ ಸಲ ಕೆಳಗೆ ಬಿದ್ದು ಪೂರ್ತಿ ಉಲ್ಟಾ ಎದ್ದು ನಿಂತ್ಕೊಳ್ತು. ಫೋರ್ಕಾಸ್ಟ್ ಆ್ಯಪ್ ತೆಗ್ದು ನೋಡಿದ್ರೆ ಅದು ಇನ್ನೂ ಉತ್ತರ ಅಂತಾನೇ ತೋರಿಸ್ತಿತ್ತು.

ನಾನು ಮನೆಗೆ ಹೊರಡೋಣ ಅನ್ನೋ ಅಷ್ಟರಲ್ಲಿ ಪಾರ್ಕಿಂಗ್‌ನಲ್ಲಿ ಎಲ್ರೂ ಒಂದೇ ಹೆಸರು ಹೇಳ್ತಿದ್ರು, ಕೇಬರ್ನ್, ಕೇಬರ್ನ್. ಲೂಯಿಸ್ ಅನ್ನೋ ಊರಿನ ಪಕ್ಕ ಮೌಂಟ್ ಕೇಬರ್ನ್, ದಕ್ಷಿಣಕ್ಕೆ ಮುಖ, ಸಮುದ್ರದ ಗಾಳಿ ನೇರ ಬಂದು ಬಡಿಯೋದು ಅದಕ್ಕೆ. ಎ27ರಲ್ಲಿ ಅರ್ಧ ಮುಕ್ಕಾಲು ಗಂಟೆ. ನಾವೂ ಅವ್ರ ಹಿಂದೇನೇ ಕಾರ್ ಬಿಟ್ವಿ.

ಡೈಕ್‌ನಲ್ಲಿ ಕಾರ್ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದ್ರೆ ಟೇಕಾಫ್. ಕೇಬರ್ನ್ ಹಾಗಲ್ಲ. ಗ್ಲೈಂಡ್ ಅನ್ನೋ ಹಳ್ಳೀಲಿ ಕಾರ್ ಬಿಟ್ಟು, 15 ಕೆಜಿ ಮೇಲಿರೋ ಬ್ಯಾಗ್ ಹೊತ್ಕೊಂಡು, ಗೇಟ್ ದಾಟಿ, ಸೆಗಣಿ ತಪ್ಪಿಸ್ಕೊಂಡು ಏರ್ತಾ ಹೋಗ್ಬೇಕು. ಎತ್ತರ 150 ಮೀಟರ್ ಹತ್ರ ಅಷ್ಟೇ, ಕೇಳೋಕೆ ಏನೂ ಅಲ್ಲ, ಮೇ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ಬೆನ್ನ ಮೇಲೆ ಅಷ್ಟು ಭಾರ ಇದ್ರೆ ಗೊತ್ತಾಗುತ್ತೆ. ಗೆಳೆಯ ದಾರಿಯುದ್ದಕ್ಕೂ "ಚಿಪ್ಸ್ ತಿನ್ಬಾರದಿತ್ತಲೇ" ಅಂತಿದ್ದ. ತುದೀಲಿ ಕಬ್ಬಿಣ ಯುಗದ ಕೋಟೆ ಇದ್ದ ಜಾಗ, ಈಗ ಉಳಿದಿರೋದು ಸುತ್ತ ಮಣ್ಣಿನ ದಿಣ್ಣೆ, ಕಂದಕ, ಅದ್ರ ಮೇಲೆ ಗಿಡ್ಡ ಹುಲ್ಲು. ಪ್ರಕೃತಿ ಮೀಸಲು ಪ್ರದೇಶ ಆಗಿರೋದ್ರಿಂದ ಹೂವಿನ ಮೇಲೆ ರೆಕ್ಕೆ ಎಳೀದೆ ಎತ್ಕೊಂಡು ಓಡಾಡಿ ಅಂತ ಒಬ್ರು ಹೇಳಿದ್ರು.

ಇಲ್ಲಿ ಗಾಳಿಯ ಗುಣವೇ ಬೇರೆ. ಬೆಳಿಗ್ಗೆ ಬಯಲಿಂದ ಬಂದ ಗಾಳೀಲಿ ಬಿಸಿಲಿಗೆ ಕಾದು ಮೇಲೇಳೋ ಗಾಳಿಯ ಗುಳ್ಳೆಗಳು ಇದ್ವು, ರೆಕ್ಕೆ ಕುಲುಕಾಡ್ತಿತ್ತು. ಇದು ಸಮುದ್ರದ ಮೇಲಿಂದ ಬಂದಿದ್ದು, ಒಂದೇ ಸಮ, ಗಂಟೆಗೆ 14 ಮೈಲಿ, ಏರಿಳಿತ ಇಲ್ಲ. ಗೆಳೆಯ ಅರ್ಧ ಗಂಟೆ ನೋಡೋ ಪದ್ಧತಿಯನ್ನ ಈ ಸಲ ಒಪ್ಲಿಲ್ಲ, ಮೊದ್ಲೇ ಹಾರಿದ. ಹಾರಿ ಎಡಕ್ಕೆ ತಿರುಗಿದ, ಲೋಕಲ್‌ಗಳೆಲ್ಲ ಬಲಕ್ಕಿದ್ರು. ಎಡಕ್ಕೆ ಗುಡ್ಡ ಸ್ವಲ್ಪ ಪೂರ್ವಕ್ಕೆ ತಿರುಗುತ್ತೆ, ಗಾಳಿ ಅಲ್ಲಿ ಓರೆಯಾಗಿ ಸವರ್ಕೊಂಡು ಹೋಗುತ್ತೆ, ಎತ್ತಲ್ಲ. ನೋಡ್ತಾ ನೋಡ್ತಾ ಅವನ ರೆಕ್ಕೆ ನಮ್ಮ ಕಾಲಿನ ಮಟ್ಟಕ್ಕೆ ಬಂತು, ಆಮೇಲೆ ಇನ್ನೂ ಕೆಳಗೆ, ಆಮೇಲೆ ಕೆಳಗಿನ ಲ್ಯಾಂಡಿಂಗ್ ಹೊಲದಲ್ಲಿ ನೀಟಾಗಿ ಇಳಿದ. ರೇಡಿಯೋದಲ್ಲಿ ಅವನು ಹೇಳಿದ್ದನ್ನ ಇಲ್ಲಿ ಬರೆಯೋಕಾಗಲ್ಲ.

ನಾನು ಬಲಕ್ಕೆ ಹೋದೆ. ಲೋಕಲ್‌ಗಳು ತೋರಿಸಿದ ದಾರಿ ಅಷ್ಟೇ, ನನ್ನ ಬುದ್ಧಿವಂತಿಕೆ ಏನಿಲ್ಲ. ಗುಡ್ಡದ ಮುಂದೆ ಸೀಗಲ್‌ಗಳು ರೆಕ್ಕೆ ಒಂಚೂರೂ ಬಡೀದೆ ತೇಲ್ತಿದ್ವು, ಅವು ಇರೋ ಸಾಲಲ್ಲೇ ನಾನೂ ಓಡಾಡಿದೆ, ಮೇಲಕ್ಕೆ ಮೇಲಕ್ಕೆ ಹೋಯ್ತು. ಒಂದು ಕಡೆ ಲೂಯಿಸ್ ಊರು, ಅದ್ರ ಕೋಟೆ, ಬಿಳೀ ಸುಣ್ಣಕಲ್ಲಿನ ಗಣಿಯ ಗಾಯಗಳು, ಕೆಳಗೆ ಊಸ್ ನದಿ ಅಂಕುಡೊಂಕಾಗಿ ಹರಿದು ನ್ಯೂಹೇವನ್‌ನಲ್ಲಿ ಸಮುದ್ರಕ್ಕೆ ಸೇರೋದು ಪೂರ್ತಿ ಕಾಣುತ್ತೆ, ಅಲ್ಲಿಂದ ಫ್ರಾನ್ಸಿನ ಡಿಯೆಪ್‌ಗೆ ಹೋಗೋ ಫೆರ್ರಿ ಹೊರಟಿತ್ತು. ಆಚೆ ಫರ್ಲ್ ಬೀಕನ್ ಅನ್ನೋ ಗುಡ್ಡ. ಕೆಳಗೆ ಎ27ರಲ್ಲಿ ಟ್ರಾಫಿಕ್ ನಿಂತಿತ್ತು. ಅಷ್ಟರಲ್ಲಿ ಹಳದಿ ಹೆಲ್ಮೆಟ್ ಒಂದು ಗುಡ್ಡ ಹತ್ತಿ ಬರೋದು ಕಾಣಿಸ್ತು, ಕಂತೆ ಕಟ್ಟಿದ ರೆಕ್ಕೆ ಹೆಗಲ ಮೇಲೆ. ನಾನು ಅವನ ತಲೆ ಮೇಲೆ ಹೋಗಿ ಕೈ ಬೀಸಿದೆ. ಅವನೂ ಕೈ ಎತ್ತಿದ, ಆದ್ರೆ ಅದು ಮುಷ್ಟಿ.

ಎರಡನೇ ಸಲ ಹತ್ತಿ ಬಂದು, ನೀರು ಕುಡಿದು, ಏನೂ ಮಾತಾಡದೆ ಕೂತು, ಈ ಸಲ ಬಲಕ್ಕೆ ಹೋದ. ಆಮೇಲೆ ಇಬ್ರೂ ಮುಕ್ಕಾಲು ಗಂಟೆ ಮೇಲೇ ಇದ್ವಿ. ಸಂಜೆ ಐದೂವರೆ ಆದ್ಮೇಲೆ ಗಾಳಿ ಇನ್ನೂ ಮೃದುವಾಯ್ತು, ರೆಕ್ಕೆ ಮುಂದಕ್ಕೆ ಹೋಗ್ತಿದೆ ಅನ್ನೋದೇ ಗೊತ್ತಾಗ್ತಿರ್ಲಿಲ್ಲ. ರೇಡಿಯೋದಲ್ಲಿ ದಾವಣಗೆರೆ ಬೆಣ್ಣೆದೋಸೆಗೆ ಎಂಥ ಚಟ್ನಿ ಇರ್ಬೇಕು ಅಂತ ವಾದ ಶುರುವಾಯ್ತು, ಮಧ್ಯೆ ಯಾರೋ ಒಬ್ಬ ಇಂಗ್ಲಿಷಿನವ ಅದೇ ಫ್ರೀಕ್ವೆನ್ಸೀಲಿ ಬಂದು, ಏನು ವಿಷಯ, ಎಲ್ಲಿ ಲಿಫ್ಟ್ (ಮೇಲೇಳೋ ಗಾಳಿ) ಸಿಕ್ತು ಅಂತ ಕೇಳಿದ.

ಆರೂವರೆಗೆ ಗಾಳಿ ಸಾಯ್ತಾ ಬಂತು. ನಾನು ಮೇಲೇ ಇಳಿದೆ, ಅಂದ್ರೆ ಬ್ಯಾಗ್ ಹೊತ್ತು ನಡ್ಕೊಂಡು ಇಳೀಬೇಕು. ಅವನು ಹಾಯಾಗಿ ಕೆಳಗಿನ ಹೊಲಕ್ಕೆ ಹಾರಿ ಹೋಗಿ, ನಾನು ಕಾರ್ ಹತ್ರ ಬರೋ ಹೊತ್ತಿಗೆ ರೆಕ್ಕೆ ಮಡಚಿ, ಶೂ ಬಿಚ್ಚಿ, ಫೋನ್ ಹಿಡ್ಕೊಂಡು ಕೂತಿದ್ದ. ಬರೋ ಶನಿವಾರ ಈಶಾನ್ಯ ಗಾಳಿ ಅಂತ ತೋರಿಸ್ತಿದೆಯಂತೆ, ಈ ಕಡೇನೇ ಬೋ ಪೀಪ್ ಅಂತ ಇನ್ನೊಂದು ಗುಡ್ಡ ಇದೆಯಂತೆ. "ಗೈಡ್ ಓದಿದೀನಿ ಈ ಸಲ, ನಿಜ್ವಾಗ್ಲೂ" ಅಂದ. ಎಲ್ಲಿ ಇಳೀಬಾರ್ದು ಹೇಳು ನೋಡೋಣ ಅಂದೆ. ಸ್ಕ್ರೋಲ್ ಮಾಡೋಕೆ ಶುರು ಮಾಡಿದ.